ಮೊದಲು ಅವರ ಮನೆಯ ನೀರು ಕೇಳಿ

ಷೋರೂಮುಗಳಲ್ಲಿ ವಾಷಿಂಗ್ ಮಷಿನ್ ಮಾರುವ ತಮ್ಮಂದಿರಿಗೆ, ತಂಗಿಯರಿಗೆ,



ಗಣೇಶನ ಹಬ್ಬ ಬಂದರೆ ದೀಪಾವಳಿ ಮುಗಿಯುವವರೆಗೂ ನಿಮಗೆ ಕೂರಲು ಪುರುಸೊತ್ತಿರುವುದಿಲ್ಲ. ಆ ಸೀಸನ್ ಶುರುವಾಗುವ ಮೊದಲೇ ಈ ಮಾತು ನಿಮ್ಮ ಕಿವಿಗೆ ಬೀಳಲಿ ಎಂದು ಬರೆಯುತ್ತಿದ್ದೇನೆ. ನಾನು ಬೆಂಗಳೂರಿನಲ್ಲಿ ವಾಷಿಂಗ್ ಮಷಿನ್ ರಿಪೇರಿ ಮಾಡುವವನು. ನೀವು ಮಾರಿದ ಮಷಿನ್ನು ವಾರಂಟಿ ಮುಗಿದ ಮೇಲೆ ನನ್ನಂಥವರ ಕೈಗೆ ಬರುತ್ತದೆ. ನೀವು ಆಡಿದ ಮಾತು, ನೀವು ಕೇಳದೆ ಬಿಟ್ಟ ಪ್ರಶ್ನೆ ಎರಡೂ ಆ ಹೊತ್ತಿಗೆ ಮಷಿನ್ನಿನ ಒಳಗೆ ಕಾಣುವಂತಾಗಿರುತ್ತವೆ.

ಚಿಕ್ಕ ಮಕ್ಕಳಿರುವ ಮನೆಗಳ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ. ನಿಮ್ಮ ಗಿರಾಕಿಗಳಲ್ಲಿ ಅತಿ ಅವಸರದವರು ಅವರು. ಹೆಂಡತಿ ಬಾಣಂತನ ಮುಗಿಸಿಕೊಂಡು ತವರಿನಿಂದ ಬರುವಷ್ಟರಲ್ಲಿ ಮಷಿನ್ ಮನೆಯಲ್ಲಿರಬೇಕೆಂದು ಓಡಿ ಬಂದಿರುತ್ತಾರೆ. ಇಲ್ಲವೇ ಹಳೆಯದು ಕೈಕೊಟ್ಟು ಬಚ್ಚಲಲ್ಲಿ ಬಟ್ಟೆ ರಾಶಿ ಬಿದ್ದಿರುತ್ತದೆ, ಕಂಕುಳಲ್ಲಿ ಕೂಸು ಅಳುತ್ತಿರುತ್ತದೆ. ನಾಲ್ಕು ಅಂಗಡಿ ಅಲೆದು ವಿಚಾರಿಸುವ ವ್ಯವಧಾನ ಅವರಿಗಿಲ್ಲ. ನೀವು ಯಾವುದರ ಮೇಲೆ ಕೈ ಇಟ್ಟು 'ಸಾರ್, ಇದು ಬೆಸ್ಟ್' ಅನ್ನುತ್ತೀರೋ ಅದೇ ಅವರ ಮನೆಗೆ ಹೋಗುತ್ತದೆ, ಎಂಟು ಹತ್ತು ವರ್ಷ ಅಲ್ಲೇ ಇರುತ್ತದೆ.

ಬಂದವರಿಗೆ ನೀವು ಕೇಳುವುದು ಬಜೆಟ್ ಎಷ್ಟು, ಮನೆಯಲ್ಲಿ ಎಷ್ಟು ಜನ, ಫ್ರಂಟ್ ಲೋಡೋ ಟಾಪ್ ಲೋಡೋ ಎಂದು. ಅದೆಲ್ಲ ಆಮೇಲಿರಲಿ. ಮೊದಲು ಅವರ ಮನೆಯ ನಲ್ಲಿಯಲ್ಲಿ ಬರುವ ನೀರು ಯಾವುದು ಎಂದು ಕೇಳಿ.

ಕಾವೇರಿಯೋ, ಬೋರೋ, ಟ್ಯಾಂಕರೋ? ಬೆಂಗಳೂರಿನಲ್ಲಿ ಒಂದೇ ರಸ್ತೆಯ ಎರಡು ಮನೆಗೆ ಎರಡು ಥರದ ನೀರು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಚಾಲೂ ಆಯಿತು, ದಿನಕ್ಕೆ 77.5 ಕೋಟಿ ಲೀಟರ್ ನೀರು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಯೋಜನೆ. ಆದರೂ ಎಷ್ಟೋ ಬಡಾವಣೆಗಳಲ್ಲಿ ಕಾವೇರಿ ನೀರು, ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಎಲ್ಲ ಒಂದೇ ಸಂಪಿಗೆ ಬಂದು ಬೀಳುತ್ತವೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ಈ ಅಂಕಿ ಗಿರಾಕಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಜೊತೆಗೆ ಬಂದ ಅಮ್ಮನನ್ನೋ ಅತ್ತೆಯನ್ನೋ ಕೇಳಿ: 'ಅಮ್ಮಾ, ನಿಮ್ಮ ನೀರಲ್ಲಿ ಬೇಳೆ ಬೇಗ ಬೇಯುತ್ತಾ? ಸೋಪು ನೊರೆ ಬರುತ್ತಾ? ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತಾ? ಗೀಸರ್ ಕಾಯಿಲ್ ಎಷ್ಟು ಸಲ ಹೋಗಿದೆ?' ಪರೀಕ್ಷೆಯ ಕಿಟ್ ಇಲ್ಲದೆಯೇ ನಿಮಗೆ ಬೇಕಾದ ಉತ್ತರ ಸಿಕ್ಕಿಬಿಡುತ್ತದೆ.

ಇದಕ್ಕೇಕೆ ಇಷ್ಟು ಒತ್ತು ಕೊಡುತ್ತೇನೆಂದರೆ, ಗಡಸು ನೀರಿನ ಮನೆಯ ಫ್ರಂಟ್ ಲೋಡ್ ಮಷಿನ್ನಿನ ಹೀಟರನ್ನು ನೀವು ಒಮ್ಮೆ ಕಣ್ಣಾರೆ ನೋಡಬೇಕು. ಹೊಸದಾಗಿದ್ದಾಗ ಅದು ಪೆನ್ಸಿಲ್ ದಪ್ಪದ, ಹೊಳೆಯುವ ಸ್ಟೀಲ್ ಕೊಳವೆ. ಎರಡು ವರ್ಷ ಬೋರ್ ನೀರು ಕುಡಿದ ಮೇಲೆ ಅದನ್ನು ಹೊರಗೆಳೆಯುವುದೇ ಒಂದು ಸಾಹಸ. ಮೈತುಂಬ ಬಿಳಿ ಕಲ್ಲು ಕಟ್ಟಿಕೊಂಡು ದಪ್ಪಗಾಗಿ, ತಾನಿದ್ದ ರಂಧ್ರದಿಂದಲೇ ಹೊರಬರುವುದಿಲ್ಲ. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಡ್ರಮ್ಮಿನ ತಳದಲ್ಲಿ ಬೊಗಸೆ ತುಂಬ ಸಿಗುತ್ತದೆ. ಕರಗಿದ ಸುಣ್ಣವನ್ನು ಗಡಸು ನೀರು ಜೊತೆಗೇ ತರುತ್ತದೆ, ಕಾಯಿಸಿದಾಗ ಅದು ಗಟ್ಟಿಯಾಗಿ ಹೀಟರಿನ ಮೈಗೆ ಅಂಟುತ್ತದೆ. ಎರಡು ಸಾವಿರ ವಾಟಿನ ಹೀಟರು ಮೊದಲು ಆ ಕಲ್ಲನ್ನು ಕಾಯಿಸಬೇಕು, ಆಮೇಲೆ ನೀರನ್ನು. ಒಂದು ದಿನ ಸೀಳಿ, ಮನೆಯ ಟ್ರಿಪ್ಪರ್ ಬೀಳಿಸುತ್ತದೆ.

ಮಷಿನ್ನಿಗಿಂತ ಮೊದಲು ಏಟು ತಿನ್ನುವುದು ಮಗುವಿನ ಬಟ್ಟೆ. ಸೋಪಿನ ಪುಡಿಯ ಎಷ್ಟೋ ಶಕ್ತಿ ನೀರಿನ ಸುಣ್ಣದ ಜೊತೆ ಹೋರಾಡುವುದರಲ್ಲೇ ಮುಗಿಯುತ್ತದೆ. ಕೊಳೆ ಬಿಡುವುದಿಲ್ಲ. ಬಿಳಿ ಜಬಲಾ ಬೂದು ಬಣ್ಣಕ್ಕೆ ತಿರುಗುತ್ತದೆ, ಒಣಗಿದ ಮೇಲೆ ಹಪ್ಪಳದಂತೆ ಬಿರುಸಾಗಿ ಕೂಸಿನ ಕತ್ತಿಗೆ ಉಜ್ಜುತ್ತದೆ. ಕೊಳೆ ಹೋಗಲಿಲ್ಲವಲ್ಲ ಎಂದು ತಾಯಿ ಇನ್ನೊಂದು ಚಮಚ ಪುಡಿ ಹಾಕುತ್ತಾಳೆ. ಅದು ಜಾಲಿಸಿದಾಗ ಪೂರ್ತಿ ಹೋಗದೆ ಎಳೆಯಲ್ಲೇ ಉಳಿಯುತ್ತದೆ. ಮಗುವಿನ ಮೈಮೇಲೆ ದದ್ದು ಎದ್ದರೆ ಕಾರಣ ಹೇಳಬೇಕಾದವರು ಡಾಕ್ಟರು, ನಾನಲ್ಲ. ಆದರೆ ಬಟ್ಟೆಯಲ್ಲಿ ಸೋಪು ಉಳಿಯದ ಹಾಗೆ ನೋಡಿಕೊಳ್ಳುವುದು ಮಷಿನ್ನಿನ ಕೆಲಸ. ಹಾಗಾಗಿ ಕೂಸಿರುವ ಮನೆಗೆ ಮಷಿನ್ ತೋರಿಸುವಾಗ ಸ್ಟೀಮ್, ಆ್ಯಪ್, ವೈಫೈ ಎಂದು ಶುರುಮಾಡಬೇಡಿ. ಎಕ್ಸ್‌ಟ್ರಾ ರಿನ್ಸ್ ಬಟನ್ ಎಲ್ಲಿದೆ, ಎಷ್ಟು ಸಲ ಜಾಲಿಸುತ್ತದೆ, ಯಾವ್ಯಾವ ಪ್ರೋಗ್ರಾಮಿನಲ್ಲಿ ಅದು ಸಿಗುತ್ತದೆ ಎಂದು ತೋರಿಸಿ. ನನ್ನ ಲೆಕ್ಕದಲ್ಲಿ ಕೂಸಿರುವ ಮನೆಗೆ ಇಡೀ ಪ್ಯಾನೆಲ್ಲಿನಲ್ಲಿ ಅತಿ ಬೆಲೆಯುಳ್ಳ ಬಟನ್ ಅದು.

ಹಾಗಾದರೆ ಬೋರ್ ನೀರಿನವರಿಗೆ ಫ್ರಂಟ್ ಲೋಡ್ ಬೇಡವೇ ಎಂದು ನೀವು ಕೇಳಬಹುದು. ಇಲ್ಲಿ ಸುಲಭದ ಉತ್ತರವಿಲ್ಲ. ಟಾಪ್ ಲೋಡ್ ಮಷಿನ್‌ಗಳಲ್ಲಿ ಹಲವಕ್ಕೆ ಹೀಟರ್ ಇಲ್ಲದ್ದರಿಂದ ಆ ತಾಪತ್ರಯ ಇಲ್ಲ. ಆದರೆ ಒಂದು ಸಲ ಒಗೆಯಲು ನೂರು ಲೀಟರಿಗೂ ಮೇಲೆ ನೀರು ಕುಡಿಯುತ್ತವೆ. ಫ್ರಂಟ್ ಲೋಡಿಗೆ ಐವತ್ತು, ಅರವತ್ತು, ಎಪ್ಪತ್ತು ಲೀಟರ್ ಸಾಕು. ಕೂಸಿರುವ ಮನೆಯಲ್ಲಿ ದಿನಾ ಮಷಿನ್ ಓಡುತ್ತದೆ. ಟ್ಯಾಂಕರಿಗೆ ದುಡ್ಡು ಕೊಡುವ ಮನೆಗೆ ಈ ವ್ಯತ್ಯಾಸ ಚಿಕ್ಕದಲ್ಲ. 2024ರ ಮಾರ್ಚಿನಲ್ಲಿ ಈ ಊರು ನೀರಿಗೆ ಹೇಗೆ ಪರದಾಡಿತೆಂದು ನೀವೂ ನೋಡಿದ್ದೀರಿ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ನನ್ನನ್ನು ಕೇಳಿದರೆ, ಅಪಾರ್ಟ್‌ಮೆಂಟಿನಲ್ಲಿ ಒಳ್ಳೆಯ ಸ್ಥಿತಿಯ ಸಾಫ್ಟನರ್ ಪ್ಲಾಂಟ್ ಇದ್ದರೆ, ಅಥವಾ ತಿಂಗಳಿಗೊಮ್ಮೆ ತಪ್ಪದೆ ಡಿಸ್ಕೇಲಿಂಗ್ ಪುಡಿ ಹಾಕಿ ಖಾಲಿ ಮಷಿನ್ ಓಡಿಸುವ ಶಿಸ್ತು ಇದ್ದರೆ ಫ್ರಂಟ್ ಲೋಡ್ ಕೊಡಿ. ನಿತ್ಯದ ಬಟ್ಟೆಗೆ ತಣ್ಣೀರು ಅಥವಾ 30-40 ಡಿಗ್ರಿ ಸಾಕೆಂದು ಹೇಳಿ ಕಳಿಸಿ. 'ಅದೆಲ್ಲ ನಮ್ಮಿಂದಾಗಲ್ಲಪ್ಪ' ಅನ್ನುವವರಿಗೆ ಹೀಟರ್ ಇಲ್ಲದ ಟಾಪ್ ಲೋಡ್ ಕೊಡಿ. ಕಡಿಮೆ ಬೆಲೆಯದಾದರೂ ಅವರಿಗೆ ಅದೇ ಸರಿ.

ಒಂದು ವಿನಂತಿ. ನಲ್ಲಿಗೆ ಸಿಕ್ಕಿಸುವ ಬಿಳಿ ಹರಳಿನ ಫಿಲ್ಟರನ್ನು ಸಾಫ್ಟನರ್ ಎಂದು ಮಾರಬೇಡಿ. ಹರಳು ಕರಗುತ್ತಾ ಸುಣ್ಣ ಗಟ್ಟಿ ಕಟ್ಟುವುದನ್ನು ಒಂದಿಷ್ಟು ತಡೆಯುತ್ತದೆ, ಅಷ್ಟೇ. ನೀರಿನ ಗಡಸುತನ ಇದ್ದಷ್ಟೇ ಇರುತ್ತದೆ. ಗಡಸುತನ ನಿಜವಾಗಿ ತೆಗೆಯುವುದು ರೆಸಿನ್ ಇರುವ, ಆಗಾಗ ಉಪ್ಪು ಹಾಕಿ ಚಾರ್ಜ್ ಮಾಡಬೇಕಾದ ಸಾಫ್ಟನರ್. ಹರಳು ಮುಗಿದದ್ದೂ ಗೊತ್ತಿಲ್ಲದೆ ಖಾಲಿ ಡಬ್ಬಿಯನ್ನೇ ನಂಬಿಕೊಂಡ ಮನೆಗಳು ಬಹಳ.

ನೀರಿನ ಜೊತೆಗೆ ನೀರಿನ ರಭಸವನ್ನೂ ಕೇಳಿ. ಮೇಲಿನ ಮಹಡಿಯ ಮನೆಯವರ ಟ್ಯಾಂಕು ತಲೆಯ ಮೇಲೇ ಇರುತ್ತದೆ. ಹತ್ತು ಮೀಟರ್ ಎತ್ತರದಿಂದ ಇಳಿದರೆ ನೀರಿಗೆ ಒಂದು ಬಾರ್ ಒತ್ತಡ ಬರುತ್ತದೆ. ಎರಡು ಮೂರು ಮೀಟರಿಗೆ ಎಷ್ಟು ಬಂದೀತು? ಮಷಿನ್ ನೀರಿಗಾಗಿ ಕಾದು ಕಾದು ಎರರ್ ತೋರಿಸಿ ನಿಲ್ಲುತ್ತದೆ. ಕನಿಷ್ಠ ಒತ್ತಡ ಎಷ್ಟಿರಬೇಕೆಂದು ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ಬಿಲ್ ಮಾಡುವ ಮುಂಚೆ ಅದನ್ನು ನೋಡಿಬಿಟ್ಟರೆ, ಮಷಿನ್ ಬಂದಮೇಲೆ ಬೂಸ್ಟರ್ ಪಂಪಿಗೆ ಓಡುವುದು ತಪ್ಪುತ್ತದೆ. ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನಲ್ಲಿ ಬಿಡುವ ಊರುಗಳಲ್ಲಿ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಕಡೆ, ಬಕೆಟ್ಟಿನಿಂದ ನೀರು ಸುರಿದು ಒಗೆಯಬಹುದಾದ ಸೆಮಿ ಆಟೊಮ್ಯಾಟಿಕ್ ಮಷಿನ್ನೇ ಬುದ್ಧಿವಂತರ ಆಯ್ಕೆ. ಕಲಬುರಗಿಯಲ್ಲಾಗಲಿ ವಿಜಯಪುರದಲ್ಲಾಗಲಿ ಅದನ್ನು ಕೇಳಿಕೊಂಡು ಬಂದವರನ್ನು ಹಳೇ ಕಾಲದವರೆಂಬಂತೆ ನೋಡಬೇಡಿ.

ಎರಡನೆಯ, ಮೂರನೆಯ ಪ್ರಶ್ನೆ: ಮಗುವಿಗೆ ಎಷ್ಟು ವಯಸ್ಸು? ಮಷಿನ್ ಎಲ್ಲಿಡುತ್ತೀರಿ?

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. 2017ರ ಫೆಬ್ರುವರಿಯಲ್ಲಿ ದೆಹಲಿಯ ರೋಹಿಣಿಯಲ್ಲಿ ಮೂರು ವರ್ಷದ ಅವಳಿ ಗಂಡುಮಕ್ಕಳು ನೀರು ತುಂಬಿದ್ದ ಟಾಪ್ ಲೋಡ್ ಮಷಿನ್ನಿನೊಳಗೆ ಬಿದ್ದು ತೀರಿಕೊಂಡರು. ತಾಯಿ ಸೋಪಿನ ಪುಡಿ ತರಲು ಅಂಗಡಿಗೆ ಹೋಗಿದ್ದರು, ಅಷ್ಟರಲ್ಲೇ ಆಗಿಹೋಯಿತು. ಆ ತಾಯಿಯಷ್ಟು ಹೊತ್ತು ಮಕ್ಕಳನ್ನು ಬಿಟ್ಟು ಹೋಗದ ತಾಯಿ ನಮ್ಮ ಯಾವ ಬೀದಿಯಲ್ಲೂ ಇಲ್ಲ. ಹೀಗಿರುವಾಗ ಮಷಿನ್ ಮಾರುವ ನಿಮಗೂ ರಿಪೇರಿ ಮಾಡುವ ನನಗೂ ಇದರಲ್ಲಿ ಹೊಣೆ ಇದೆ.

'ಚೈಲ್ಡ್ ಲಾಕ್ ಇದೆ ಮೇಡಂ' ಎಂದು ನೀವು ಹೇಳುತ್ತೀರಿ, ಅವರು ನಿರಾಳವಾಗುತ್ತಾರೆ. ಹೆಚ್ಚಿನ ಮಷಿನ್‌ಗಳಲ್ಲಿ ಆ ಲಾಕ್ ಮಾಡುವುದು ಇಷ್ಟೇ: ಮಗು ಬಟನ್ ಒತ್ತಿದರೆ ಪ್ರೋಗ್ರಾಂ ಬದಲಾಗುವುದಿಲ್ಲ. ನಿಂತಿರುವ ಮಷಿನ್ನಿನ ಮುಚ್ಚಳವನ್ನು ಅದು ಹಿಡಿದಿಟ್ಟುಕೊಳ್ಳುವುದಿಲ್ಲ. ಕೆಲವು ಟಾಪ್ ಲೋಡ್‌ಗಳಲ್ಲಿ ಲಾಕ್ ಹಾಕಿದ ಮೇಲೆ ಮುಚ್ಚಳ ತೆಗೆದರೆ ಕೂಗಿಕೊಂಡು ನೀರು ಹೊರಬಿಡುವ ವ್ಯವಸ್ಥೆ ಇರುತ್ತದೆ. ನೀವು ತೋರಿಸುತ್ತಿರುವ ಮಾಡೆಲ್ಲಿನಲ್ಲಿ ಯಾವುದಿದೆ ಎಂದು ಷೋರೂಮಿನಲ್ಲೇ ಆನ್ ಮಾಡಿ ತೋರಿಸಿ. ತೋರಿಸಲಾಗದಿದ್ದರೆ ಆ ಮಾತೇ ಎತ್ತಬೇಡಿ.

ಟಾಪ್ ಲೋಡ್ ಒಯ್ಯುವವರಿಗೆ ಎರಡು ಮಾತು ಹೇಳಿ. ನೀರಿನಲ್ಲಿ ಬಟ್ಟೆ ನೆನೆಹಾಕಿ ಮುಚ್ಚಳ ತೆರೆದಿಟ್ಟು ಹೋಗಬಾರದು. ಮಷಿನ್ನಿನ ಪಕ್ಕ ಸ್ಟೂಲು, ಬಕೆಟ್ಟು, ಬಟ್ಟೆ ಬುಟ್ಟಿ ಯಾವುದೂ ಇರಬಾರದು. ಎರಡು ವರ್ಷದ ಮಗುವಿಗೆ ಅದೇ ಮೆಟ್ಟಿಲು. ಸೆಮಿ ಮಷಿನ್ನಿನಲ್ಲಿ ಇನ್ನೊಂದು ಗಂಡಾಂತರ ಇದೆ. ಹಿಂಡುವ ಡ್ರಮ್ಮಿನ ಮುಚ್ಚಳ ಎತ್ತಿದ ಕೂಡಲೇ ಅದು ನಿಲ್ಲಬೇಕು, ಅದಕ್ಕೆಂದೇ ಕೆಳಗೆ ಬ್ರೇಕ್ ಇರುತ್ತದೆ. ಆ ಬ್ರೇಕ್ ಪಟ್ಟಿ ಸವೆದರೆ ಡ್ರಮ್ಮು ಮುಚ್ಚಳ ತೆಗೆದ ಮೇಲೂ ಗಿರ್ರನೆ ತಿರುಗುತ್ತಲೇ ಇರುತ್ತದೆ. ದೊಡ್ಡವರು ಅದಕ್ಕೆ ಒಗ್ಗಿಕೊಂಡು, ನಿಲ್ಲುವವರೆಗೆ ಕಾಯುತ್ತಾರೆ. ಮಗು ಕಾಯುವುದಿಲ್ಲ, ತಿರುಗುವ ಬಟ್ಟೆಗೆ ಕೈ ಹಾಕುತ್ತದೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ ಅದು. ಡ್ರಮ್ಮು ತಡವಾಗಿ ನಿಲ್ಲತೊಡಗಿದ ದಿನವೇ ಮೆಕ್ಯಾನಿಕ್ಕನ್ನು ಕರೆಯಿರಿ ಎಂದು ಮಾರುವಾಗಲೇ ಹೇಳಿಡಿ.

ಫ್ರಂಟ್ ಲೋಡಿನಲ್ಲಿ ಒಂದು ಇಕ್ಕಟ್ಟು ಇದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಬಾಗಿಲಿನ ಸುತ್ತ ಇರುವ ರಬ್ಬರ್ ಗ್ಯಾಸ್ಕೆಟ್ಟಿನ ಮಡಿಕೆಯಲ್ಲಿ ನೀರು ನಿಲ್ಲುತ್ತದೆ. ಬಾಗಿಲು ಹಾಕಿಟ್ಟರೆ ಅಲ್ಲಿ ಕಪ್ಪು ಬೂಷ್ಟು ಹಿಡಿದು, ಆ ವಾಸನೆ ಕೂಸಿನ ಬಟ್ಟೆಗೂ ಹತ್ತುತ್ತದೆ. ಅದಕ್ಕೇ ನಾವೆಲ್ಲ 'ಒಗೆದಾದ ಮೇಲೆ ಬಾಗಿಲು ತೆಗೆದಿಡಿ' ಅನ್ನುತ್ತೇವೆ. ಆದರೆ ತೆರೆದ ಡ್ರಮ್ಮು ಅಂಬೆಗಾಲಿಡುವ, ಕಣ್ಣಾಮುಚ್ಚಾಲೆ ಆಡುವ ಮಗುವನ್ನು ಒಳಗೆ ಬಾ ಎಂದು ಕರೆಯುತ್ತದೆ. ಒಳಗೆ ಹೋದ ಮೇಲೆ ಬಾಗಿಲು ಕಚ್ಚಿಕೊಂಡರೆ ಗಾಳಿಯಾಡುವುದಿಲ್ಲ, ಕೂಗಿದರೂ ಹೊರಗೆ ಸರಿಯಾಗಿ ಕೇಳುವುದಿಲ್ಲ. ಐದಾರು ವರ್ಷದೊಳಗಿನ ಮಕ್ಕಳಿರುವ ಮನೆಗೆ ನಾನು ಹೇಳುವ ಕ್ರಮ ಹೀಗೆ: ಒಗೆದ ತಕ್ಷಣ ಒಣ ಬಟ್ಟೆಯಿಂದ ಗ್ಯಾಸ್ಕೆಟ್ಟಿನ ಮಡಿಕೆ ಬಿಡಿಸಿ ಒರೆಸಿ, ಪುಡಿ ಹಾಕುವ ಟ್ರೇಯನ್ನು ಹೊರಗೆಳೆದಿಡಿ, ಬಾಗಿಲು ಮುಚ್ಚಿ. ಮಕ್ಕಳು ಮಲಗಿದ ಮೇಲೆ ರಾತ್ರಿಯಿಡೀ ಬಾಗಿಲು ತೆರೆದಿಡಿ, ಬೆಳಗ್ಗೆ ಅವರು ಏಳುವ ಮೊದಲು ಮುಚ್ಚಿ. ಮತ್ತೆ ಬಟ್ಟೆ ಹಾಕುವ ಮುಂಚೆ ಡ್ರಮ್ಮಿನೊಳಗೆ ಕೈಯಾಡಿಸಿ ನೋಡಿ. ಯುಟಿಲಿಟಿಗೆ ಬಾಗಿಲಿದ್ದರೆ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಚಿಲಕ ಹಾಕಿಸಿ. ಯಾವ ಫೀಚರಿಗಿಂತಲೂ ಆ ಚಿಲಕ ಹೆಚ್ಚು ಕಾಪಾಡುತ್ತದೆ.

ಈಗ ಜೆಲ್ ತುಂಬಿದ ಬಣ್ಣಬಣ್ಣದ ಪಾಡ್‌ಗಳನ್ನೂ ಮಷಿನ್ ಜೊತೆ ಆಫರ್ ಎಂದು ಕೊಡುತ್ತೀರಿ. ಮಗುವಿನ ಕಣ್ಣಿಗೆ ಅದು ಮಿಠಾಯಿ. ಕಚ್ಚಿದರೆ ಗಾಢವಾದ ಸೋಪಿನ ದ್ರವ ಬಾಯಿಗೆ, ಕಣ್ಣಿಗೆ ಚಿಮ್ಮುತ್ತದೆ. ಕೂಸಿರುವ ಮನೆಗೆ ಪುಡಿಯ ಪ್ಯಾಕೆಟ್ಟನ್ನೇ ಕೊಡಿ.

ಇನ್ನು ಕೆಜಿ ವಿಚಾರ. ಕೂಸಿನ ಬಟ್ಟೆ ಲೆಕ್ಕದಲ್ಲಿ ಹೆಚ್ಚು, ತೂಕದಲ್ಲಿ ಕಡಿಮೆ. ಲಂಗೋಟಿ, ಕುಲಾವಿ, ಜಬಲಾ ಎಲ್ಲ ಸೇರಿಸಿದರೂ ಒಂದೆರಡು ಕೆಜಿ ದಾಟುವುದಿಲ್ಲ. ತೂಕ ಬರುವುದು ರಾತ್ರಿ ಒದ್ದೆಯಾಗುವ ಬೆಡ್‌ಶೀಟು, ಹೊದಿಕೆಗಳಿಂದ. ಗಂಡ ಹೆಂಡತಿ, ಇಬ್ಬರು ಮಕ್ಕಳ ಮನೆಗೆ ಏಳೆಂಟು ಕೆಜಿ ಧಾರಾಳ ಆಯಿತು. ಡಬ್ಬದ ಮೇಲೆ ಬರೆದಿರುವ ತೂಕ ಒಣಗಿದ ಕಾಟನ್ ಬಟ್ಟೆಯದು, ಅದೂ ಕಾಟನ್ ಪ್ರೋಗ್ರಾಮಿಗೆ. ಕ್ವಿಕ್ ವಾಶ್‌ನಲ್ಲಿ ಅದರ ಅರ್ಧವೂ ಹಾಕುವಂತಿಲ್ಲ ಎಂಬುದನ್ನು ಹೇಳಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿ ಹೊಲಿದ ಕೌದಿ ಮೇಲೆ ಕೂಸನ್ನು ಮಲಗಿಸುತ್ತಾರೆ. ಪದರು ಪದರು ಸೀರೆ ಸೇರಿಸಿ ಹೊಲಿದ ದೊಡ್ಡ ಕೌದಿ ನೀರು ಕುಡಿದರೆ ಎತ್ತಲಾರದಷ್ಟು ಭಾರ. ಡ್ರಮ್ಮಿನ ಒಂದೇ ಮಗ್ಗುಲಿಗೆ ಕೂತು, ಹಿಂಡುವಾಗ ಮಷಿನ್ನನ್ನೇ ಕುಣಿಸಿ ಬೇರಿಂಗ್ ಹಾಳುಮಾಡುತ್ತದೆ. ಅದನ್ನು ಕಲ್ಲಿನ ಮೇಲೇ ಒಗೆಯಲಿ. ಕೂಸಿನ ಚಿಕ್ಕ ಕೌದಿಯಾದರೆ ಮಷಿನ್ ತಡೆಯುತ್ತದೆ.

ಮಲೆನಾಡಿನ, ಕರಾವಳಿಯ ಗಿರಾಕಿಗೆ ಇಷ್ಟೆಲ್ಲ ನೀರಿನ ಕತೆ ಬೇಡ. ಅಲ್ಲಿ ಮೆದು ನೀರಿನ ಬಾವಿಗಳೇ ಹೆಚ್ಚು. ಅಲ್ಲಿನ ತೊಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಂಗೋಟಿ ಒಣಗದಿರುವುದು. ಅವರಿಗೆ ಆರ್‌ಪಿಎಂ ನೋಡಿ ಕೊಡಿ: 1200, 1400 ಸುತ್ತು ಹಿಂಡುವ ಮಷಿನ್ನಿನಿಂದ ಬಟ್ಟೆ ಒದ್ದೆ ಕಡಿಮೆಯಾಗಿಯೇ ಹೊರಬರುತ್ತದೆ. ಡ್ರೈಯರ್ ಕೂಡ ಸೇರಿರುವ ಮಷಿನ್ ಕೇಳಿದರೆ, ಒಗೆಯುವಷ್ಟು ಬಟ್ಟೆಯನ್ನು ಒಂದೇ ಸಲಕ್ಕೆ ಒಣಗಿಸಲಾಗುವುದಿಲ್ಲ ಎಂದು ಮೊದಲೇ ತಿಳಿಸಿ. ಇನ್ನೂ ಮುಖ್ಯವಾದದ್ದು ಎಣ್ಣೆ. ಕೂಸಿಗೆ ಎಣ್ಣೆ ಹಚ್ಚಿ ಎರೆದು, ಒರೆಸಿ ಸುತ್ತಿದ ಬಟ್ಟೆಗಳಲ್ಲಿ ಕೊಬ್ಬರಿ ಎಣ್ಣೆ, ಹರಳೆಣ್ಣೆ ಇಳಿದಿರುತ್ತದೆ. ಎಣ್ಣೆ ಪೂರ್ತಿ ಬಿಡದ ಬಟ್ಟೆಯನ್ನು ಡ್ರೈಯರಿಗೆ ಹಾಕಿದರೆ ತಾನೇ ಬಿಸಿಯೇರಿ ಬೆಂಕಿ ಹತ್ತುವ ಅಪಾಯವಿದೆ. ಮ್ಯಾನುಯಲ್‌ಗಳಲ್ಲಿ ಈ ಎಚ್ಚರಿಕೆ ಅಚ್ಚಾಗಿರುತ್ತದೆ, ಓದುವವರಿಲ್ಲ. ನೀವು ಬಾಯಲ್ಲಿ ಹೇಳಿ.

'ಬೇಬಿ ಕೇರ್' ಪ್ರೋಗ್ರಾಂ ಎಲ್ಲ ಕಲೆಯನ್ನೂ ತೆಗೆಯುತ್ತದೆ ಎಂದು ಮಾತ್ರ ಮಾತು ಕೊಡಬೇಡಿ. ಬಿಸಿ ನೀರಿಗೆ ಬಿದ್ದರೆ ಕಕ್ಕಿದ ಹಾಲಿನ ಕಲೆ ಇನ್ನೂ ಕಚ್ಚಿಕೊಳ್ಳುತ್ತದೆ, ಮೊದಲು ತಣ್ಣೀರಿನಲ್ಲಿ ಜಾಲಿಸಬೇಕು. ಸಾರಿನ ಅರಿಶಿನ ಸೋಪು ತಾಗಿದೊಡನೆ ಕೆಂಪಾಗುತ್ತದೆ. ಗಾಬರಿ ಬೇಡ, ಒಗೆದು ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಬಾಳೆಹಣ್ಣಿನ ಕಲೆ ಒಣಗಿ ಕಪ್ಪಾದರೆ ಯಾವ ಮಷಿನ್ನಿಗೂ ಜಗ್ಗುವುದಿಲ್ಲ, ಆಗಿಂದಾಗ್ಗೆ ತೊಳೆಯಬೇಕು. ಹೊಲಸಾದ ಲಂಗೋಟಿಯನ್ನು ಕೈಯಲ್ಲಿ ಜಾಲಿಸಿಯೇ ಮಷಿನ್ನಿಗೆ ಹಾಕಬೇಕು. ಮಗುವಿಗೆ ಭೇದಿಯಾದಾಗ 60 ಡಿಗ್ರಿ ಪ್ರೋಗ್ರಾಂ ಕೆಲಸಕ್ಕೆ ಬರುತ್ತದೆ. ಲಂಗೋಟಿಗೆ ಕಂಫರ್ಟ್‌ನಂಥ ಫ್ಯಾಬ್ರಿಕ್ ಸಾಫ್ಟನರ್ ಹಾಕಿದರೆ ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ. ಕೂಸಿನ ಕಾಲುಚೀಲಗಳು ಗ್ಯಾಸ್ಕೆಟ್ಟಿನ ಸಂದಿಯಿಂದ ಒಳಗೆ ಜಾರುತ್ತವೆ, ಅವನ್ನು ಜಾಲರಿ ಚೀಲದಲ್ಲಿ ಕಟ್ಟಿ ಹಾಕಬೇಕು. ಡ್ರೈನ್ ಫಿಲ್ಟರ್ ಬಿಚ್ಚಿದಾಗ ನನಗೆ ಸಿಗುವುದು ಗೋಲಿ, ಹೇರ್‌ಪಿನ್ನು, ರೂಪಾಯಿ ನಾಣ್ಯ, ರಬ್ಬರಿನ ಚೂರು, ಮುದ್ದೆಯಾದ ವೆಟ್ ವೈಪು. ಆ ಫಿಲ್ಟರ್ ಕೆಳಗಿನ ಮೂಲೆಯ ಪುಟ್ಟ ಮುಚ್ಚಳದ ಹಿಂದೆ ಇರುತ್ತದೆ ಎಂದು ಷೋರೂಮಿನಲ್ಲಿ ಬಗ್ಗಿ ತೋರಿಸಿದವರನ್ನು ನಾನು ಈವರೆಗೆ ಕಂಡಿಲ್ಲ. ನೀವು ತೋರಿಸಿ.

ವಾರಂಟಿ ಬಗ್ಗೆ ಉದ್ದ ಮಾತು ಬೇಡ. 'ಹತ್ತು ವರ್ಷ' ಎಂಬುದು ಸಾಮಾನ್ಯವಾಗಿ ಮೋಟರಿಗೆ ಮಾತ್ರ. ನನ್ನ ಕೈಗೆ ಹೆಚ್ಚಾಗಿ ಬರುವುದು ಬೋರ್ಡು, ಡ್ರೈನ್ ಪಂಪು, ಇನ್‌ಲೆಟ್ ವಾಲ್ವು, ಇಲಿ ಕಡಿದ ವೈರು. ಕೆಳಗೆ ಇಲಿ ನುಗ್ಗದಂತೆ ಜಾಲರಿ ಇದೆಯೇ, ಮಷಿನ್ ಇಡುವಲ್ಲಿ ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಇದೆಯೇ ಎಂದು ನೋಡುವುದು ಹತ್ತು ವರ್ಷದ ಸ್ಟಿಕ್ಕರಿಗಿಂತ ಉಪಯೋಗ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿರುವ ಮನೆಯಲ್ಲಿ ಅರ್ಥಿಂಗ್ ವಿಷಯದಲ್ಲಿ ರಾಜಿಯೇ ಇಲ್ಲ.

ನಿಮ್ಮ ಕಷ್ಟ ನನಗೆ ಗೊತ್ತು. ಇಂತಿಂಥ ಮಾಡೆಲ್ ತಳ್ಳಿ ಎಂದು ಟಾರ್ಗೆಟ್ ಇರುತ್ತದೆ, ಇನ್‌ಸೆಂಟಿವ್ ಇರುತ್ತದೆ, ದಿನವಿಡೀ ನಿಂತು ಕಾಲು ಸೋತಿರುತ್ತದೆ. ಕಡಿಮೆ ಬೆಲೆಯ ಮಷಿನ್ ತೋರಿಸಿದರೆ ಮ್ಯಾನೇಜರು ಕಣ್ಣು ಬಿಡುತ್ತಾರೆ. ಆದರೆ ತಯಾರಿಸಿದ ಎಂಜಿನಿಯರಿನಿಂದ ಹಿಡಿದು ರಿಪೇರಿಯ ನನ್ನವರೆಗೆ ಇರುವ ಸಾಲಿನಲ್ಲಿ, ದುಡ್ಡು ಕೊಡುವ ಮುಂಚೆ ಆ ಅಪ್ಪ ಅಮ್ಮನ ಎದುರು ನಿಂತು ಪ್ರಶ್ನೆ ಕೇಳುವ ಅವಕಾಶ ಇರುವುದು ನಿಮಗೊಬ್ಬರಿಗೇ. ಮೂರು ಪ್ರಶ್ನೆಗೆ ಎರಡು ನಿಮಿಷ ಹಿಡಿಯುತ್ತದೆ.

ಉತ್ತರ ಸಿಕ್ಕ ಮೇಲೆ ಬಿಲ್ಲಿನ ಹಿಂದೆ ಬರೆದುಕೊಡಿ: ನೀರು ಬೋರ್, ಮೂರನೇ ಮಹಡಿ, ಮಗುವಿಗೆ ಹನ್ನೊಂದು ತಿಂಗಳು ಎಂದು. ಇನ್‌ಸ್ಟಾಲೇಶನ್‌ಗೆ ಹೋಗುವ ಹುಡುಗ ಅದನ್ನು ನೋಡಿ ಎಷ್ಟು ದಿನಕ್ಕೊಮ್ಮೆ ಡಿಸ್ಕೇಲ್ ಮಾಡಬೇಕೆಂದು ಹೇಳಿಕೊಡುತ್ತಾನೆ, ಚೈಲ್ಡ್ ಲಾಕ್ ಹಾಕಿ ತೋರಿಸುತ್ತಾನೆ, ಫ್ರಂಟ್ ಲೋಡ್ ಆದರೆ ಹಿಂದಿನ ಟ್ರಾನ್ಸಿಟ್ ಬೋಲ್ಟುಗಳನ್ನು ಬಿಚ್ಚಿ, ಮನೆ ಬದಲಿಸುವಾಗ ಬೇಕಾಗುತ್ತದೆಂದು ಅವರ ಕೈಗೇ ಕೊಟ್ಟು ಬರುತ್ತಾನೆ.

ಇಂತಿ,
ನಿಮ್ಮವನೇ ಆದ ಒಬ್ಬ ಮಷಿನ್ ಮೆಕ್ಯಾನಿಕ್,
ಬೆಂಗಳೂರು